ಮಂಡ್ಯದ ತಾರಸಿಗೆ ಬೆಂಗಳೂರಿನ ಚಿತ್ರ: ಕಂಬದ ಎತ್ತರವೋ, ಆಕಾಶದ ಕೃಪೆಯೋ?

ಕಾಲುವೆ ದಂಡೆ, ಮಂಡ್ಯ:
ನಮ್ಮ ತಾರಸಿಯ ಮೇಲೆ ನಲವತ್ತು ಅಡಿಯ ಜಿ.ಐ. ಪೈಪು ಇನ್ನೂ ನಿಂತಿದೆ. ಅದರ ತುದಿಯಲ್ಲಿ ಅಲ್ಯೂಮಿನಿಯಂ ಆಂಟೆನಾ ಈಶಾನ್ಯಕ್ಕೆ ಮುಖ ಮಾಡಿದೆ. ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಆರಂಭವಾದ ಮೇಲೆ, ಹತ್ತಿರದಲ್ಲಿ ಮರುಪ್ರಸಾರ ಕೇಂದ್ರ ಬರುವುದಕ್ಕೆ ಮುಂಚೆಯೇ, ಈ ಕಂಬದಿಂದ ಬೆಂಗಳೂರಿನ ಕಾರ್ಯಕ್ರಮಗಳನ್ನು ನೋಡುತ್ತಿದ್ದೆವೆಂದು ನಮ್ಮ ತಂದೆಯವರು ಹೇಳುತ್ತಾರೆ. ಒಂದು ಬೇಸಿಗೆಯಲ್ಲಿ ಪರಿಚಯವಿಲ್ಲದ ಲಿಪಿಯ ಚಿತ್ರವೊಂದು ಕೆಲವು ನಿಮಿಷ ಬಂದು ಹೋಯಿತೆಂಬುದೂ ಅವರದೇ ಮಾತು. ಪಕ್ಕದ ಬೀದಿಯಲ್ಲಿ ಟಿವಿ ರಿಪೇರಿ ಮಾಡುವವರು ಇವೆರಡನ್ನೂ ಒಪ್ಪುವುದಿಲ್ಲ. ನೀವು ನೋಡಿದ್ದು ಮರುಪ್ರಸಾರ ಕೇಂದ್ರದ ಚಿತ್ರವೇ ಇರಬೇಕೆನ್ನುತ್ತಾರೆ. ಯಾರ ಮಾತು ನಿಜ? ಇದೇ ಕಂಬವನ್ನು ಬೆಂಗಳೂರಿನ ಡಿಜಿಟಲ್ ಪ್ರಸಾರಕ್ಕೆ ಬಳಸಬಹುದೋ, ಗುಜರಿಗೆ ಹಾಕಬೇಕೋ?

ಒಂಟಿಕೊಪ್ಪಲು ಮೇಷ್ಟ್ರು, ಮೈಸೂರು:
ನೆನಪನ್ನು ಗೌರವಿಸೋಣ, ಆದರೆ ಲೆಕ್ಕವನ್ನು ಬಿಡುವುದು ಬೇಡ. ಟಿವಿ ಅಲೆಗಳು ಹೆಚ್ಚುಕಡಿಮೆ ದೃಷ್ಟಿರೇಖೆಯಲ್ಲಿಯೇ ಸಾಗುತ್ತವೆ. ವಾತಾವರಣದಿಂದ ಅವು ತುಸು ಬಾಗುವುದನ್ನೂ ಸೇರಿಸಿದರೆ, ಮೀಟರುಗಳಲ್ಲಿ ಹೇಳಿದ ಎತ್ತರದ ವರ್ಗಮೂಲವನ್ನು 4.12ರಿಂದ ಗುಣಿಸಿದಾಗ ಆ ತುದಿಯಿಂದ ಕಾಣುವ ದಿಗಂತದ ದೂರ ಕಿಲೋಮೀಟರುಗಳಲ್ಲಿ ಸಿಗುತ್ತದೆ. ಪ್ರಸಾರದ ಗೋಪುರ 150 ಮೀಟರ್ ಎಂದಿಟ್ಟುಕೊಂಡರೆ ಸುಮಾರು 50 ಕಿ.ಮೀ., ನಿಮ್ಮ 12 ಮೀಟರ್ ಕಂಬಕ್ಕೆ 14 ಕಿ.ಮೀ.; ಎರಡೂ ಸೇರಿ 64 ಆಯಿತು. ಮಂಡ್ಯದಿಂದ ಬೆಂಗಳೂರಿಗೆ ನೇರ ಗೆರೆಯಲ್ಲಿ 90 ಕಿ.ಮೀ. ಇದೆ. ಒಮ್ಮೊಮ್ಮೆ ಬಂದಿರಬಹುದು, ದಿನವೂ ಬರುತ್ತಿತ್ತೆಂದರೆ ನನಗೆ ನಂಬಿಕೆಯಿಲ್ಲ.

ಯಾದವಗಿರಿ ತಂತಿ:
ಮೇಷ್ಟ್ರ ಸೂತ್ರ ಸರಿಯಿದೆ, ಅದಕ್ಕೆ ಹಾಕಿದ ಎತ್ತರ ಸರಿಯಿಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಮಂಡ್ಯ ಸುಮಾರು 680 ಮೀಟರ್ ಎತ್ತರದಲ್ಲಿದೆ. ಮಂಡ್ಯದ ಗದ್ದೆ ಬಯಲಿನಿಂದ ಅಳೆದರೆ ಅದೇ ಗೋಪುರದ ತುದಿ 150ರ ಬದಲು 390 ಮೀಟರ್ ಮೇಲಿರುತ್ತದೆ. ಆಗ ಅದರ ದಿಗಂತ 81 ಕಿ.ಮೀ.ಗೆ ಹೋಗುತ್ತದೆ, ಕಂಬದ 14 ಸೇರಿಸಿದರೆ 95 ಕಿ.ಮೀ. ಅಂದರೆ ಮಂಡ್ಯ ಅಂಚಿನ ಒಳಗೇ ಇದೆ. ಮೈಸೂರು 128 ಕಿ.ಮೀ. ದೂರದಲ್ಲಿದ್ದು, ನೆಲವೂ 770 ಮೀಟರಿನಷ್ಟು ಎತ್ತರದಲ್ಲಿರುವುದರಿಂದ ಬೆಂಗಳೂರಿನ ಎತ್ತರದ ಲಾಭ ನಮಗೆ ಅಷ್ಟು ದಕ್ಕುವುದಿಲ್ಲ. ನಾವು ಸ್ಪಷ್ಟವಾಗಿ ಹೊರಗೆ. ಆದ್ದರಿಂದ ಮಂಡ್ಯದವರು ನೋಡಿದ್ದನ್ನು ಮೈಸೂರಿನವರು ನಂಬದಿರುವುದು ಸಹಜವೇ.

ಕುವೆಂಪುನಗರ 4:
ಮೈಸೂರಿಗೆ ಬರದಿರುವುದಕ್ಕೆ ಚಾಮುಂಡಿ ಬೆಟ್ಟ ಅಡ್ಡವಿರುವುದೇ ಕಾರಣವೆಂದು ಎಲ್ಲರೂ ಹೇಳುತ್ತಾರೆ. ಅದಕ್ಕೂ ಮಿಗಿಲಾಗಿ, ಒಳ್ಳೆಯ ಬೂಸ್ಟರ್ ಹಾಕಿದ್ದರೆ ಈ ಲೆಕ್ಕಗಳೆಲ್ಲ ಬೇಕಾಗುತ್ತಲೇ ಇರಲಿಲ್ಲ.

ಯಾದವಗಿರಿ ತಂತಿ:
ಬೆಟ್ಟವಿರುವುದು ಊರಿನ ಆಗ್ನೇಯಕ್ಕೆ, ಬೆಂಗಳೂರಿರುವುದು ಈಶಾನ್ಯಕ್ಕೆ. ಪಾಪ, ಚಾಮುಂಡಿ ಬೆಟ್ಟದ ಮೇಲೆ ಈ ಆರೋಪ ಹೊರಿಸುವುದು ನ್ಯಾಯವಲ್ಲ.

ಇನ್ನು ಬೂಸ್ಟರ್. ಆಂಟೆನಾ ಹಿಡಿಯದ ಸಂಕೇತವನ್ನು ಬೂಸ್ಟರ್ ಸೃಷ್ಟಿಸಲಾರದು. ಹಿಡಿದದ್ದನ್ನು ಅದರ ಜೊತೆಗಿರುವ ಗದ್ದಲದೊಂದಿಗೆ ಹಿಗ್ಗಿಸುತ್ತದೆ, ಮೇಲೆ ತನ್ನದೂ ಒಂದಿಷ್ಟು ಗದ್ದಲ ಸೇರಿಸುತ್ತದೆ. ಕಂಬದ ತುದಿಯಲ್ಲಿ, ಆಂಟೆನಾದ ಪಕ್ಕದಲ್ಲಿಯೇ ಕೂರಿಸಿದರೆ ಕೇಬಲಿನಲ್ಲಿ ಆಗುವ ನಷ್ಟವನ್ನು ತುಂಬಿಕೊಡುತ್ತದೆ, ಅಷ್ಟೇ ಅದರ ಉಪಕಾರ. ಟಿವಿಯ ಹಿಂದೆ ಇಟ್ಟರೆ ಅದೂ ಇಲ್ಲ. ಇದಕ್ಕೆ ನಮ್ಮ ಮೈಸೂರಿನಲ್ಲಿಯೇ ಉದಾಹರಣೆಯುಂಟು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ ಊರಿದು, ಈಗ ಇಲ್ಲಿನ ಆಕಾಶವಾಣಿಯ ಎಫ್‌ಎಂ 100.6 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ಪ್ರಬಲವಾದ ಎಫ್‌ಎಂ ಸಂಕೇತ ಅಗ್ಗದ ಬೂಸ್ಟರಿನೊಳಗೆ ಹೊಕ್ಕು ಅದನ್ನು ಉಸಿರುಗಟ್ಟಿಸಿದರೆ, ಬೂಸ್ಟರ್ ತಾನೇ ಅದರ ಇಮ್ಮಡಿ ಕಂಪನವನ್ನು ಹುಟ್ಟಿಸುತ್ತದೆ: 201.2 ಮೆಗಾಹರ್ಟ್ಸ್. ನಮ್ಮ ದೇಶದ ಟಿವಿ ಚಾನೆಲ್ 8ರ ವ್ಯಾಪ್ತಿ 195ರಿಂದ 202 ಮೆಗಾಹರ್ಟ್ಸ್. ದೂರದ ಕೇಂದ್ರವನ್ನು ಹುಡುಕಿ ಬೂಸ್ಟರ್ ತಂದವರು ಆ ಚಾನೆಲ್ಲಿನಲ್ಲಿ ಪಕ್ಕದ ರಸ್ತೆಯ ರೇಡಿಯೋವನ್ನು ಪಟ್ಟೆಪಟ್ಟೆಯ ಚಿತ್ರವಾಗಿ ನೋಡಬೇಕಾಗುತ್ತಿತ್ತು.

ಪಶ್ಚಿಮವಾಹಿನಿ, ಶ್ರೀರಂಗಪಟ್ಟಣ:
95 ಕಿ.ಮೀ. ಎಂಬುದು ನಡುವೆ ಏನೂ ಇಲ್ಲದ ನುಣುಪಾದ ಭೂಮಿಗೆ ಹೇಳಿದ ಮಾತು. ಮಂಡ್ಯ–ಬೆಂಗಳೂರು ಗೆರೆ ರಾಮನಗರಕ್ಕೂ ಸಾವನದುರ್ಗಕ್ಕೂ ನಡುವಿನ ಗುಡ್ಡಗಾಡಿನಲ್ಲಿ ಹಾಯುತ್ತದೆ. ಗುಡ್ಡದ ಅಂಚಿಗೆ ತಾಗಿದ ಅಲೆ ಅಲ್ಲಿಯೇ ಸಾಯುವುದಿಲ್ಲ, ಸ್ವಲ್ಪ ಬಾಗಿ ಆಚೆಯ ನೆರಳಿಗೂ ಇಳಿಯುತ್ತದೆ. ಆದರೆ ಬಹಳಷ್ಟು ಶಕ್ತಿ ಕಳೆದುಕೊಂಡು ಇಳಿಯುತ್ತದೆ. ಹೀಗಾಗಿ ಒಂದೇ ಬೀದಿಯಲ್ಲಿ ಒಂದು ಮನೆಗೆ ಚಿತ್ರ, ಇನ್ನೊಂದು ಮನೆಗೆ ಬರೀ ಅಕ್ಕಿಕಾಳು ಚೆಲ್ಲಿದಂಥ ಪರದೆ. ಕಂಬವನ್ನು ಎರಡು ಅಡಿ ಏರಿಸಿದಾಗ ಚಿತ್ರ ಹೋಗಿ, ಮತ್ತೆರಡು ಅಡಿ ಏರಿಸಿದಾಗ ಮರಳಿ ಬಂದದ್ದನ್ನು ಕಂಡವರು ಈ ಕಡೆ ಅನೇಕರಿದ್ದಾರೆ. ನೆಲದಿಂದ ಪುಟಿದು ಬಂದ ಅಲೆಯೂ ನೇರ ಅಲೆಯೂ ಒಂದೆಡೆ ಕೂಡಿಕೊಂಡು, ಇನ್ನೊಂದೆಡೆ ಒಂದನ್ನೊಂದು ಅಳಿಸಿಹಾಕುವುದರ ಫಲವದು.

ಋತುವನ್ನೂ ಮರೆಯಬಾರದು. ಡಿಸೆಂಬರ್, ಜನವರಿಯ ಬೆಳಗಿನ ಜಾವ ನಾಲೆಯ ನೀರುಂಡ ಕಬ್ಬಿನ ಗದ್ದೆಗಳ ಮೇಲೆ ತಣ್ಣನೆಯ ಒದ್ದೆ ಗಾಳಿ ಕೂತು, ಅದರ ಮೇಲೆ ಬೆಚ್ಚನೆಯ ಒಣ ಗಾಳಿ ಹಾಸಿಕೊಂಡಾಗ ಅಲೆಗಳು ಮಾಮೂಲಿಗಿಂತ ಹೆಚ್ಚು ಬಾಗಿ ದಿಗಂತದಾಚೆಗೂ ಸಾಗುತ್ತವೆ. ಬಿಸಿಲೇರಿದಂತೆ ಆ ಪದರ ಒಡೆದು ಚಿತ್ರವೂ ಕರಗುತ್ತದೆ. ತಂದೆಯವರ ದಿನನಿತ್ಯದ ಬೆಂಗಳೂರು, ಮೇಷ್ಟ್ರು ಹೇಳುವ ಒಮ್ಮೊಮ್ಮೆಯ ಬೆಂಗಳೂರು, ಇವೆರಡರ ನಡುವೆ ಎಲ್ಲೋ ಸತ್ಯವಿರಬೇಕು.

ಒಂಟಿಕೊಪ್ಪಲು ಮೇಷ್ಟ್ರು:
ನಡುವೆ ಎಲ್ಲೋ ಎಂಬುದನ್ನು ಒಪ್ಪುತ್ತೇನೆ, ಒಮ್ಮೊಮ್ಮೆಯ ಕಡೆಗೇ ಹೆಚ್ಚು ವಾಲಿಕೊಂಡು. ಬೇಸಿಗೆಯ ಆ ಅಪರಿಚಿತ ಲಿಪಿಯ ಸಂಗತಿ ಏನು? ಶ್ರೀಲಂಕಾದ ರೂಪವಾಹಿನಿ ಎಂದು ಕೆಲವರು ಹೇಳಬಹುದು. 1982ರ ಫೆಬ್ರವರಿಯಲ್ಲಿ ಆರಂಭವಾದ ಅದನ್ನು ತಮಿಳುನಾಡಿನ ಕರಾವಳಿಯವರು ಸಲೀಸಾಗಿ ನೋಡುತ್ತಿದ್ದರು, ಏಕೆಂದರೆ ಅವರಿಗೂ ಲಂಕೆಗೂ ನಡುವೆ ಇರುವುದು ಸಮುದ್ರ ಮಾತ್ರ. ಲಂಕೆಯ ಬೆಟ್ಟಸೀಮೆಯಿಂದ ಮೈಸೂರು ಸುಮಾರು 740 ಕಿ.ಮೀ.; ನಡುವೆ ಬೆಟ್ಟಗುಡ್ಡಗಳ ನೆಲವಿದೆ.

ಯಾದವಗಿರಿ ತಂತಿ:
ಬೇಸಿಗೆ, ಕೆಲವೇ ನಿಮಿಷ, ಬಂದಷ್ಟೇ ಥಟ್ಟನೆ ಮಾಯ: ಈ ಮೂರೂ ಲಕ್ಷಣ ಸ್ಪೊರಾಡಿಕ್-ಇ ಎಂಬ ವಿದ್ಯಮಾನಕ್ಕೆ ಹೊಂದುತ್ತವೆ. ಭೂಮಿಯಿಂದ ಸುಮಾರು 100 ಕಿ.ಮೀ. ಎತ್ತರದ ಅಯಾನುಗೋಳದ ಇ ಪದರದಲ್ಲಿ ಆಗಾಗ ವಿದ್ಯುತ್ಕಣಗಳ ದಟ್ಟ ತೇಪೆಗಳು ಹುಟ್ಟುತ್ತವೆ. ಅವು ಟಿವಿಯ ಬ್ಯಾಂಡ್ 1, ಅಂದರೆ 47ರಿಂದ 68 ಮೆಗಾಹರ್ಟ್ಸ್‌ನ ಚಾನೆಲ್ 2, 3, 4ರ ಅಲೆಗಳನ್ನು ಕೆಳಕ್ಕೆ ತಿರುಗಿಸಿ, ಒಂದೇ ನೆಗೆತಕ್ಕೆ ಸಾಮಾನ್ಯವಾಗಿ 1000ದಿಂದ 2200 ಕಿ.ಮೀ. ದೂರಕ್ಕೆ ಇಳಿಸುತ್ತವೆ. ತೇಪೆ ಇರಬೇಕಾದದ್ದು ಹಾದಿಯ ನಟ್ಟನಡುವೆ, ನಮ್ಮ ನೆತ್ತಿಯ ಮೇಲಲ್ಲ. ದೂರ ಕಡಿಮೆಯಾದಷ್ಟೂ ತೇಪೆ ಹೆಚ್ಚು ದಟ್ಟವಿರಬೇಕು; ಆದ್ದರಿಂದ 740 ಕಿ.ಮೀ.ನ ಲಂಕೆಗಿಂತ, 1500 ಅಥವಾ 2000 ಕಿ.ಮೀ. ಆಚೆಯ ಕೇಂದ್ರ ಬರುವುದೇ ಸುಲಭ.

ಕಾಲುವೆ ದಂಡೆಯವರು ಒಂದು ಕೆಲಸ ಮಾಡಲಿ. ಆಂಟೆನಾದ ನಡುವೆ ಎರಡೂ ತುದಿ ಮಡಿಚಿದ ಕೊಳವೆಯೊಂದಿರುತ್ತದೆ. ತಂತಿ ಕೂಡುವುದು ಅಲ್ಲಿಯೇ. ಆ ಡೈಪೋಲಿನ ಉದ್ದ ಅಲೆಯುದ್ದದ ಅರ್ಧಕ್ಕಿಂತ ತುಸು ಕಡಿಮೆ ಇರುತ್ತದೆ. ಅದು 80 ಸೆಂ.ಮೀ. ಆಸುಪಾಸಿನಲ್ಲಿದ್ದರೆ, ಮೇಲೆ ಹೇಳಿದ ಚಾನೆಲ್ 8 ಸೇರಿರುವ ಬ್ಯಾಂಡ್ 3ಕ್ಕೆ ಕತ್ತರಿಸಿದ್ದು; ಎರಡೂಕಾಲು ಮೀಟರ್ ಇದ್ದರೆ ಬ್ಯಾಂಡ್ 1ರ ಚಾನೆಲ್ 4ಕ್ಕೆ.

ಕಾಲುವೆ ದಂಡೆ:
ಅಳೆದೆ. 80 ಸೆಂ.ಮೀ.ಗಿಂತ ಕೂದಲೆಳೆಯಷ್ಟು ಹೆಚ್ಚು. ಹಿಂದೆ ಒಂದು ಸರಳು, ಮುಂದೆ ಸಣ್ಣದಾಗುತ್ತಾ ಹೋಗುವ ಸರಳುಗಳು. ಚಪ್ಪಟೆ ತಂತಿ ಕಪ್ಪಿಟ್ಟು ಒಡೆದಿದೆ.

ಒಂಟಿಕೊಪ್ಪಲು ಮೇಷ್ಟ್ರು:
ಹಾಗಾದರೆ ಬ್ಯಾಂಡ್ 1ರ ಹೊರದೇಶದ ಚಿತ್ರ ಈ ಆಂಟೆನಾದಲ್ಲಿ ಬಂದಿತೆಂಬುದು ಬಿದ್ದುಹೋಯಿತು.

ಯಾದವಗಿರಿ ತಂತಿ:
ಬೀಳುವುದಿಲ್ಲ. ಸ್ಪೊರಾಡಿಕ್-ಇ ಜೋರಾಗಿದ್ದಾಗ ಸಂಕೇತ ಎಷ್ಟು ಪ್ರಬಲವಾಗಿರುತ್ತದೆಂದರೆ ಅಳತೆ ತಪ್ಪಿದ ಆಂಟೆನಾವೂ, ಆ ಚಪ್ಪಟೆ ತಂತಿಯೂ ಸಹ ಅದನ್ನು ಹಿಡಿಯುತ್ತವೆ. ಅಲ್ಲದೆ ನಲವತ್ತು ವರ್ಷಗಳಲ್ಲಿ ಕಂಬದ ತುದಿಯ ಆಂಟೆನಾ ಬದಲಾಗಿಲ್ಲವೆಂದು ಹೇಗೆ ಹೇಳುತ್ತೀರಿ?

ಪಶ್ಚಿಮವಾಹಿನಿ:
ಹಳೆಯದನ್ನು ಅಷ್ಟಕ್ಕೆ ಬಿಡೋಣ, ಅವರಿಗೆ ಬೇಕಾಗಿರುವುದು ಮುಂದಿನ ದಾರಿ. ದೂರದರ್ಶನದ ಅನಲಾಗ್ ಪ್ರಸಾರ ಕೆಲವೇ ಆಯಕಟ್ಟಿನ ಸ್ಥಳಗಳನ್ನು ಬಿಟ್ಟರೆ ಮುಗಿದ ಅಧ್ಯಾಯ. 2016ರ ಫೆಬ್ರವರಿಯಲ್ಲಿ ಡಿವಿಬಿ-ಟಿ2 ಡಿಜಿಟಲ್ ಪ್ರಸಾರ ಆರಂಭವಾದ 16 ನಗರಗಳಲ್ಲಿ ಬೆಂಗಳೂರೂ ಒಂದು. ಅದು ಯುಎಚ್‌ಎಫ್‌ನದು, ಅಂದರೆ ಬ್ಯಾಂಡ್ 1, 3ಕ್ಕಿಂತ ಚಿಕ್ಕ ಅಲೆಯುದ್ದದ್ದು; ಅದಕ್ಕೆ ಬೇಕಾದ ಡೈಪೋಲ್ ಒಂದು ಗೇಣಿಗಿಂತ ಸ್ವಲ್ಪ ದೊಡ್ಡದು. ನಿಮ್ಮ ಕಂಬ ಉಪಯೋಗಕ್ಕೆ ಬರಬಹುದು, ಅದರ ಮೇಲಿನ ಆಂಟೆನಾ ಬರುವುದಿಲ್ಲ.

ಕುವೆಂಪುನಗರ 4:
ಡಿಜಿಟಲ್ ಅಂದರೆ ಬಂದರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ. ಹಿಂದೆ ಕಾಳು ಕಾಳಾಗಿ ಬರುತ್ತಿದ್ದ ಕಡೆ ಈಗ ಏನೂ ಬರುವುದಿಲ್ಲ ಎಂದೇ ಅರ್ಥವಲ್ಲವೇ?

ಯಾದವಗಿರಿ ತಂತಿ:
ಅಷ್ಟು ಸರಳವಲ್ಲ. ಅನಲಾಗ್ ಚಿತ್ರ ಕಲೆಯಿಲ್ಲದೆ ಕಾಣಬೇಕಾದರೆ ಸಂಕೇತ ಗದ್ದಲಕ್ಕಿಂತ ಬಹಳ ಮೇಲಿರಬೇಕು. ಡಿಜಿಟಲ್‌ಗೆ ಅಷ್ಟು ಅಂತರ ಬೇಕಿಲ್ಲ. ಹಾಗಾಗಿ ಅಂದು ಸಾಧಾರಣ ಕಾಳು ಬರುತ್ತಿದ್ದ ಮನೆಗೆ ಡಿಜಿಟಲ್ ಚಿತ್ರ ನಿಚ್ಚಳವಾಗಿಯೇ ಬರಬಹುದು. ಧ್ವನಿ ಮಾತ್ರ ಕೇಳಿಸಿ, ಪರದೆಯ ಮೇಲೆ ಆಕಾರ ಊಹಿಸಿಕೊಳ್ಳಬೇಕಾಗಿದ್ದ ಮನೆಗೆ ಏನೂ ಬಾರದು. ಎದುರು ವಾದವೂ ಇದೆ: ಅಲೆಯುದ್ದ ಚಿಕ್ಕದಾದಷ್ಟೂ ಗುಡ್ಡದ ನೆರಳು ಗಾಢವಾಗುತ್ತದೆ, ಆದ್ದರಿಂದ ರಾಮನಗರದ ಗುಡ್ಡಗಳು ಹಳೆಯ ವಿಎಚ್‌ಎಫ್‌ಗಿಂತ (ಬ್ಯಾಂಡ್ 1, 3) ಯುಎಚ್‌ಎಫ್‌ಗೆ ಹೆಚ್ಚು ತೊಂದರೆ ಕೊಡುತ್ತವೆ. ಬೆಳಗಿನ ಹೊತ್ತು ಬಂದು ಹತ್ತು ಗಂಟೆಗೆ ಚೌಕಚೌಕವಾಗಿ ಒಡೆದು ನಿಂತುಹೋಗುವ ಚಿತ್ರಕ್ಕೆ ಸಿದ್ಧರಾಗಿರಿ.

ಒಂಟಿಕೊಪ್ಪಲು ಮೇಷ್ಟ್ರು:
ಕಾರ್ಯಕ್ರಮ ನೋಡುವುದಷ್ಟೇ ಉದ್ದೇಶವಾದರೆ ಡಿಡಿ ಫ್ರೀ ಡಿಶ್‌ನ ತಟ್ಟೆ ಸಾಕು. ಅದಕ್ಕೆ ರಾಮನಗರದ ಗುಡ್ಡವೂ ಇಲ್ಲ, ತಿಂಗಳ ಬಾಡಿಗೆಯೂ ಇಲ್ಲ. ಕಂಬದ ಪ್ರಯೋಗ ಹವ್ಯಾಸಿಗಳಿಗೆ ಮಾತ್ರ.

ಪಶ್ಚಿಮವಾಹಿನಿ:
ಹವ್ಯಾಸವೆಂದೇ ಇರಲಿ. ಹಣ ಹಾಕುವ ಮೊದಲು ಬೆಂಗಳೂರಿನಲ್ಲಿರುವ ಬಂಧುಗಳ ಮನೆಯ ಟಿವಿಗೆ ಸಣ್ಣ ಯುಎಚ್‌ಎಫ್ ಆಂಟೆನಾ ಸಿಕ್ಕಿಸಿ ಸ್ಕ್ಯಾನ್ ಮಾಡಿಸಿ. ಅಲ್ಲಿ ಸಿಗದದ್ದು ಮಂಡ್ಯದಲ್ಲಿ ಸಿಗುವುದಿಲ್ಲ. ಅಲ್ಲಿ ಸಿಕ್ಕರೆ ನಿಮ್ಮ ಟಿವಿಗೆ ಟಿ2 ಟ್ಯೂನರ್ ಇದೆಯೇ ನೋಡಿ, ಚಪ್ಪಟೆ ತಂತಿ ತೆಗೆದು ಆರ್‌ಜಿ-6 ಕೇಬಲ್ ಎಳೆಯಿರಿ. ಕಂಬದ ಬುಡದ ಕ್ಲಾಂಪು ತುಕ್ಕು ಹಿಡಿದಿದ್ದರೆ ಮೊದಲು ಅದನ್ನು ಬದಲಿಸಿ, ದಪ್ಪ ತಾಮ್ರದ ತಂತಿಯಿಂದ ನೆಲಕ್ಕೆ ಅರ್ತ್ ಕೊಡಿ. ಕಂಬ ಇಳಿಸುವಾಗ ಅದು ಯಾವ ಕಡೆ ವಾಲಿದರೂ ಬೀದಿಯ ವಿದ್ಯುತ್ ತಂತಿಗೆ ತಾಗದಷ್ಟು ಜಾಗವಿದೆಯೇ?

ಕಾಲುವೆ ದಂಡೆ:
ಪೂರ್ವಕ್ಕೆ ವಾಲಿದರೆ ತಾಗುತ್ತದೆ. ಪಶ್ಚಿಮಕ್ಕೆ ಹಗ್ಗ ಕಟ್ಟಿ, ಲೈನ್ ಆಫ್ ಮಾಡಿಸಿಕೊಂಡೇ ಇಳಿಸುತ್ತೇವೆ. ರಾಜಾಜಿನಗರದಲ್ಲಿ ಅಕ್ಕನ ಮನೆಯಿದೆ. ಸ್ಕ್ಯಾನ್ ಫಲಿತಾಂಶ ಬಂದ ಮೇಲೆ ಇಲ್ಲಿಯೇ ಹಾಕುತ್ತೇನೆ.