ಪದಚರ್ಚೆ: ರಾಕ್ ಶೋ ಫೋಟೊಗಳಲ್ಲಿನ ‘ನಾಯ್ಸ್’ಗೆ ಕನ್ನಡದಲ್ಲಿ ಏನು? ಇವತ್ತು ಸಂಜೆಯೊಳಗೆ ಬೇಕು

ಮಾಟುಂಗದಿಂದ:

ಎಲ್ಲರಿಗೂ ನಮಸ್ಕಾರ. ರಾಕ್ ಶೋಗಳಲ್ಲಿ ಜನರ ನಡುವೆ ನಿಂತು ಅಭಿಮಾನಿಗಳು ತೆಗೆದ ಫೋಟೊಗಳ ಪ್ರದರ್ಶನ ಶನಿವಾರ ಇದೆ. ವಿವರಣೆಯ ಫಲಕ ಕನ್ನಡದಲ್ಲಿ. ಫ್ಲೆಕ್ಸಿನವರಿಗೆ ಸಂಜೆ 6ರೊಳಗೆ ಫೈಲು ಕೊಡಬೇಕು. ನಾಯ್ಸ್ ಎಂದರೆ ಮಂದ ಬೆಳಕಿನ ಚಿತ್ರದಲ್ಲಿ ಏಳುವ ಚುಕ್ಕೆಚುಕ್ಕೆ; ಐಎಸ್‌ಒ ಎಂದರೆ ಅಂಥ ಬೆಳಕಿನಲ್ಲೂ ಚಿತ್ರ ಬೆಳ್ಳಗೆ ಬರಲೆಂದು ಏರಿಸುವ ಸಂಖ್ಯೆ. ಈಗಿರುವ ವಾಕ್ಯ: ‘ಐಎಸ್‌ಒ ಏರಿಸಿದಷ್ಟೂ ಗದ್ದಲ ಹೆಚ್ಚುತ್ತದೆ.’ ಓದಿದವರು ಜನರ ಕೂಗಾಟವೆಂದೇ ತಿಳಿಯುತ್ತಾರೆ. ‘ಸದ್ದು’ ಎಂದರೆ ಡ್ರಮ್ಮು ನೆನಪಾಗುತ್ತದೆ.

ಇನ್ನೊಂದು ತೊಡಕು. ಅರ್ಧದಷ್ಟು ಚಿತ್ರಗಳು ಮುಂಬೈ ಧೋಬಿ ತಲಾವ್‌ನ ರಂಗಭವನದವು, 1986ರಲ್ಲಿ ಇಂಡಿಪೆಂಡೆನ್ಸ್ ರಾಕ್ ಉತ್ಸವ ಶುರುವಾದ ಜಾಗ. ಟ್ರೈ-ಎಕ್ಸ್ 400 ಎಂಬ ಕಪ್ಪು ಬಿಳುಪು ಫಿಲ್ಮ್ ರೀಲನ್ನು 1600ಕ್ಕೆ ಎಳೆದು, ಅಂದರೆ 1600ರದ್ದೆಂದು ಲೆಕ್ಕ ಹಿಡಿದು ತೆಗೆದು, ಹೆಚ್ಚು ಹೊತ್ತು ತೊಳೆದವು. ಉಳಿದವು ನವಿ ಮುಂಬೈ ನೆರೂಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣದವು, ಡಿಜಿಟಲ್. ಫಿಲ್ಮಿನಲ್ಲಿ ಕಣಕಣವಾಗಿ ಕಾಣುವ ಗ್ರೈನ್, ಡಿಜಿಟಲ್ ನಾಯ್ಸ್ ಎರಡಕ್ಕೂ ಒಂದೇ ಪದ ನಡೆಯುತ್ತದೆಯೇ?

ಡೊಂಬಿವಲಿಯಿಂದ:

ರವೆ. ಬೇರೆ ಹುಡುಕುವುದೇ ಬೇಡ. ಸಂಸ್ಕೃತದಲ್ಲಿ ‘ರವ’ ಎಂದರೆ ಸದ್ದು. ಕಲರವ, ನೀರವ ನೋಡಿ. ಕಣ್ಣಿಗೆ ಕಾಣುವುದು ರವೆ. ಸದ್ದು, ಕಣ ಎರಡನ್ನೂ ಒಂದೇ ಧಾತು ಹೊತ್ತಿದೆ. ಇಂಗ್ಲಿಷಿನವರಿಗೂ ಸಿಗದ ಪದ ನಮ್ಮ ಅಡುಗೆಮನೆಯ ಡಬ್ಬಿಯಲ್ಲಿದೆ.

ಕೋಥ್ರೂಡಿನಿಂದ:

‘ರವ’ಕ್ಕೂ ರವೆಗೂ ನಂಟಿಲ್ಲ. ಉಚ್ಚಾರ ಹತ್ರ ಬಂತು ಅಂತ ಧಾತು ಒಂದೇ ಆಗೂದಿಲ್ರೀ. ಅದನ್ನ ಇಲ್ಲಿಗೇ ಬಿಡ್ರಿ.

ಬೇಕಾದ್ದು ‘ತರಿ’. ಚಟ್ನಿ ತರಿತರಿಯಾಗಿ ರುಬ್ಬಿ ಅಂತೀವಲ್ಲ, ಅದೇ. ನುಣ್ಣಗಿರಬೇಕಾದ್ದು ನುಣ್ಣಗಿಲ್ಲ ಅನ್ನೂದು ಆ ಮಾತಿನೊಳಗೇ ಅದ. ರವೆ ಅನ್ನೂದು ಒಂದು ಸಾಮಾನು, ತರಿ ಅನ್ನೂದು ಒಂದು ಗುಣ. ಗಿಟಾರಿನವನ ಹಿಂದಿನ ಕಪ್ಪು ಪರದೆ ನುಣ್ಣಗೆ ಕಪ್ಪಾಗಿರಬೇಕು, ತರಿತರಿಯಾಗಿ ಬಂದದ. ‘ನಾಯ್ಸ್ ತೆಗೆ’ ಅನ್ನೂದಕ್ಕ ಮಾತ್ರ ‘ಸೋಸು’ ಹಾಕಬ್ಯಾಡ್ರಿ. ಸೋಸೂದು ನೀರು, ಚಹಾ. ತರಿಯನ್ನ ಸಾಣಿಸ್ತಾರ.

ಠಾಣೆಯಿಂದ:

‘ತರಿ’ ಬೇಡ. ಕಂದಾಯದ ಕಾಗದಗಳಲ್ಲಿ ತರಿ, ಖುಷ್ಕಿ ಎಂದು ಬರುವುದನ್ನು ಓದಿದವರಿಗೆ ತರಿ ಎಂದರೆ ನೀರಾವರಿ ಜಮೀನು, ಅದು ಉರ್ದುವಿನಿಂದ ಬಂದದ್ದು. ಪುಣೆ ಕಡೆಯವರಿಗೆ ಮಿಸಳದ ಮೇಲಿನ ಖಾರದ ರಸ, ತರ್ರಿ ನೆನಪಾಗುತ್ತದೆ. ಮೊದಲು ಉಳಿದದ್ದನ್ನು ಸರಿಮಾಡಿ: ಅಪರ್ಚರ್‌ಗೆ ಬೆಳಕಿಂಡಿ, ಶಟರ್‌ಗೆ ಕದ. ಐಎಸ್‌ಒ, ಲೆನ್ಸು, ಸೆನ್ಸರು (ಬೆಳಕು ಹಿಡಿಯುವ ಚಿಪ್) ಎಲ್ಲ ಹಾಗೇ ಉಳಿಸಿ ಒಂದು ನಾಯ್ಸನ್ನು ಕನ್ನಡ ಮಾಡಿದರೆ ಫಲಕ ಕನ್ನಡವಾಗುವುದಿಲ್ಲ.

ಕೋಥ್ರೂಡಿನಿಂದ:

ತರಿ ಜಮೀನಿನ ತರಿ ಬ್ಯಾರೆ, ಅಕ್ಕಿ ತರಿಯ ತರಿ ಬ್ಯಾರೆ. ಎರಡನೇದು ನಮ್ಮದೇ. ಒಂದೇ ಉಚ್ಚಾರಕ್ಕ ಎರಡು ಅರ್ಥ ಇದ್ರ ಪದ ಕೆಟ್ಟುಹೋಗೂದಿಲ್ಲ.

ವಾಸ್ಕೊದಿಂದ:

ಪದ ಆಮೇಲೆ. ವಾಕ್ಯವೇ ತಪ್ಪಿದೆ, ಅದು ಹಾಗೇ ಅಚ್ಚಾಗಬಾರದು. ಐಎಸ್‌ಒ ಏರಿಸಿದ್ದರಿಂದ ನಾಯ್ಸ್ ಹುಟ್ಟುವುದಿಲ್ಲ, ಬೆಳಕು ಸಾಲದ್ದರಿಂದ ಹುಟ್ಟುತ್ತದೆ. ನಾಯ್ಸಿಗೆ ಹೆದರಿ 1600ರಲ್ಲಿ ಕಪ್ಪಾಗಿ ತೆಗೆದು ಕಂಪ್ಯೂಟರಿನಲ್ಲಿ 2 ಸ್ಟಾಪ್, ಅಂದರೆ 4 ಪಟ್ಟು ಎತ್ತಿದರೆ 6400ರಲ್ಲಿ ನೇರ ತೆಗೆದಷ್ಟೇ ಬರುತ್ತದೆ. ಎಷ್ಟೋ ಕ್ಯಾಮೆರಾಗಳಲ್ಲಿ ಅದಕ್ಕಿಂತ ಹೆಚ್ಚು, ನೆರಳಿನಲ್ಲಂತೂ ಎದ್ದು ಕಾಣುತ್ತದೆ. ಕಡಿಮೆ ಮಾಡಬೇಕೆಂದರೆ ಬೆಳಕನ್ನೇ ಹೆಚ್ಚು ಒಳಗೆ ಬಿಡಬೇಕು. ಎಫ್ 4 ಬದಲು ಇನ್ನೂ ಅಗಲ ತೆರೆಯುವ ಎಫ್ 1.8 ಲೆನ್ಸು ಹಾಕಿದರೆ ಸುಮಾರು 5 ಪಟ್ಟು ಬೆಳಕು. ಹಾಡುಗಾರ ಮೈಕಿನ ಮುಂದೆ ನಿಂತೇ ಇದ್ದರೆ 1/500 ಸೆಕೆಂಡಿನ ಶಟರ್ ಬೇಡ, 1/200 ಸಾಕು. ಡ್ರಮ್ಮರನ ಕೋಲಿಗೆ 1/500 ಬೇಕೇ ಬೇಕು.

ಅಭಿಮಾನಿಗಳಿಗೆ ಲೆನ್ಸು ಕಳಚುವ ಕ್ಯಾಮೆರಾ ಒಳಗೆ ಬಿಡದ ಶೋಗಳೇ ಹೆಚ್ಚು. ‘1 ಇಂಚಿನ’ ಸೆನ್ಸರಿನ ಚಿಕ್ಕ ಕಾಂಪ್ಯಾಕ್ಟ್ ಕ್ಯಾಮೆರಾ ಒಯ್ಯುತ್ತಾರೆ. 1 ಇಂಚು ಹೆಸರಿಗೆ ಮಾತ್ರ. ಅದರ ಸೆನ್ಸರ್ 13.2×8.8 ಮಿ.ಮೀ., ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾದ್ದು 36×24. ಹರವು ಸುಮಾರು 7 ಪಟ್ಟು ಕಡಿಮೆ, ಆದ್ದರಿಂದ ಅದೇ ಸೆಟ್ಟಿಂಗಿನಲ್ಲೂ ನಾಯ್ಸ್ ಹೆಚ್ಚು. ಇದನ್ನು ಫಲಕದಲ್ಲಿ ಹೇಳಲೇಬೇಕು.

ಇನ್ನು ಕೆಂಪು ಬೆಳಕು. ಸೆನ್ಸರಿನ ಪ್ರತಿ 4 ಚುಕ್ಕಿಯಲ್ಲಿ ಹಸಿರಿಗೆ 2, ಕೆಂಪಿಗೆ 1, ನೀಲಿಗೆ 1. ವೇದಿಕೆಯಲ್ಲಿ ಬರೀ ಕೆಂಪು ಎಲ್‌ಇಡಿ ಉರಿದಾಗ ಸರಿಯಾಗಿ ಬೆಳಕು ಕಾಣುವುದು ನಾಲ್ಕರಲ್ಲಿ ಒಂದು ಚುಕ್ಕಿ. ಹಾಡುಗಾರನ ಕೆನ್ನೆ ಒಂದೇ ಕೆಂಪು ಮುದ್ದೆಯಾಗುತ್ತದೆ, ಗಲ್ಲದ ಕೆಳಗಿನ ನೆರಳಿನಲ್ಲಿ ಹಸಿರು, ನೇರಳೆ ಚುಕ್ಕೆಗಳು ಏಳುತ್ತವೆ. ಇದು ಬಣ್ಣದ ನಾಯ್ಸ್. ಬಿಳಿ ದೀಪ ಬೀಸಿ ಹೋಗುವ ಕ್ಷಣಕ್ಕೆ ಕಾಯಬೇಕು, ಇಲ್ಲವೇ ಕಪ್ಪು ಬಿಳುಪು ಮಾಡಬೇಕು. ಸೆನ್ಸರು ಕಂಡದ್ದನ್ನೆಲ್ಲ ಹಾಗೇ ಇಟ್ಟ ರಾ ಫೈಲ್ ಇಲ್ಲದೆ ಜೆಪೆಗ್ ಮಾತ್ರ ಇದ್ದರೆ ಹೆಚ್ಚೇನೂ ಮಾಡಲಾಗದು.

ಫಿಲ್ಮಿನದು ಬೇರೆಯೇ. ಅಲ್ಲಿ ಬೆಳ್ಳಿಯ ಕಣ ನಿಜವಾಗಿಯೂ ಇದೆ, 1600ಕ್ಕೆ ಎಳೆದಾಗ ಅದೇ ದಪ್ಪಗೆ ಕಾಣುತ್ತದೆ. ಡಿಜಿಟಲ್‌ನಲ್ಲಿ ಕಣವೆಂಬುದಿಲ್ಲ, ಅಳತೆಯ ಏರುಪೇರು. ಎರಡಕ್ಕೂ ಒಂದೇ ಪದ ಹಾಕಿದರೆ ಕಾರಣವೇ ಮುಚ್ಚಿಹೋಗುತ್ತದೆ.

ಡೊಂಬಿವಲಿಯಿಂದ:

ಹಾಗಾದರೆ ಫಿಲ್ಮಿಗೆ ರವೆ, ಡಿಜಿಟಲ್‌ಗೆ ತರಿ. ‘ರವ’ದ ಮಾತನ್ನು ನಾನು ಹಿಂತೆಗೆದುಕೊಂಡಿಲ್ಲ.

ಕಾಂದಿವಲಿಯಿಂದ:

ಫಿಲ್ಮಿಗೆ ‘ಕಾಳು’ ಸಾಕು ಮಾರಾಯ್ರೆ. ಗ್ರೈನ್ ಎಂದರೆ ಕಾಳೇ, ಮತ್ತು ಬೆಳ್ಳಿಕಾಳು ಅಂದರೆ ಕಣ್ಣಿಗೇ ಕಟ್ಟುತ್ತದೆ.

ಠಾಣೆಯವರ ಬೆಳಕಿಂಡಿ ಚಂದ ಉಂಟು. ಕನಕನ ಕಿಂಡಿ ಗೊತ್ತಿದ್ದವರಿಗೆ ಕಿಂಡಿಯ ಅರ್ಥ ಬಿಡಿಸಿ ಹೇಳುವುದು ಬೇಡ. ಆದರೆ ಫಲಕ ಓದಿ ಹುಡುಗ ಕ್ಯಾಮೆರಾ ಕೈಗೆತ್ತಿಕೊಂಡಾಗ ಗುಂಡಿಯ ಮೇಲೆ ಬರೆದದ್ದು ಐಎಸ್‌ಒ, ಮೆನುವಿನಲ್ಲಿ ಇರುವುದು ಹೈ ಐಎಸ್‌ಒ ಎನ್‌ಆರ್, ಅಂದರೆ ನಾಯ್ಸ್ ರಿಡಕ್ಷನ್. ಬೆಳಕಿಂಡಿ ಎಂಬ ಗುಂಡಿ ಯಾವ ಕ್ಯಾಮೆರಾದಲ್ಲೂ ಇಲ್ಲ. ಯಂತ್ರದ ಮೇಲೆ ಬರೆದದ್ದನ್ನು ಹಾಗೇ ಬಿಡಿ. ಚಿತ್ರದಲ್ಲಿ ಕಾಣುವುದಕ್ಕೆ ಕನ್ನಡ ಹಾಕಿ, ಅದನ್ನು ನೋಡುವುದು ನಮ್ಮ ಕಣ್ಣು. ತರಿ, ಕಾಳು, ಪಟ್ಟೆ ಎಲ್ಲ ಆ ಜಾತಿಯವು.

ಠಾಣೆಯಿಂದ:

ಇದು ಸೋಲೊಪ್ಪುವ ಮಾತು. ಗುಂಡಿಯ ಮೇಲೆ ಕನ್ನಡ ಬರೆಯಬೇಕಾದರೆ ಮೊದಲು ಪುಸ್ತಕದಲ್ಲಿ, ಫಲಕದಲ್ಲಿ ಇರಬೇಕು. ಮರಾಠಿಯವರು ಕ್ಯಾಮೆರಾಗೂ ತಮ್ಮದೇ ಪದ ಹೇಳುವ ಧೈರ್ಯ ಮಾಡಿದರು.

ಕೋಥ್ರೂಡಿನಿಂದ:

ಹೇಳ್ತಾರ, ಆದ್ರ ಅಂಗಡ್ಯಾಗ ಕ್ಯಾಮೆರಾ ಅಂತನ ಕೇಳ್ತಾರ.

ವಾಸ್ಕೊದಿಂದ:

ಪಟ್ಟೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಎಲ್‌ಇಡಿ ಮಿನುಗಿಗೆ ಚಿತ್ರದ ಅಡ್ಡಕ್ಕೆ ಬರುವ ಪಟ್ಟೆಗಳನ್ನು ತರಿಯ ಲೆಕ್ಕಕ್ಕೆ ಸೇರಿಸಬೇಡಿ. ಸೈಲೆಂಟ್ (ಎಲೆಕ್ಟ್ರಾನಿಕ್) ಶಟರ್ ಹಾಕಿದಾಗ ಬರುತ್ತವೆ, ಮೆಕ್ಯಾನಿಕಲ್‌ಗೆ ಬದಲಿಸಿ ವೇಗ ತಗ್ಗಿಸಿದರೆ ಬಹುಮಟ್ಟಿಗೆ ಹೋಗುತ್ತವೆ. ಎನ್‌ಆರ್ ಪೂರ್ತಿ ಏರಿಸಬಾರದೆಂದೂ ಬರೆಯಿರಿ. ತರಿಯ ಜೊತೆಗೆ ಬೆವರಿಗೆ ಅಂಟಿದ ಕೂದಲೆಳೆಯೂ ಅಳಿಸಿ, ಮುಖ ಮೇಣ ಸವರಿದ ಹಾಗಾಗುತ್ತದೆ.

ಮಾಟುಂಗದಿಂದ:

ಎಲ್ಲರಿಗೂ ಕೃತಜ್ಞ. ಅಚ್ಚಿಗೆ ಹೋಗುವುದು ಇದು:

‘ಬೆಳಕು ಕಡಿಮೆಯಾದಷ್ಟೂ ಚಿತ್ರ ತರಿತರಿಯಾಗುತ್ತದೆ. ಚಿಕ್ಕ ಸೆನ್ಸರಿನಲ್ಲಿ ತರಿ ಹೆಚ್ಚು. ಕೆಂಪು ಬೆಳಕಿನ ನೆರಳುಗಳಲ್ಲಿ ಬಣ್ಣದ ತರಿ ಏಳುತ್ತದೆ. ಎಡಗೋಡೆಯ ಹಳೆಯ ಚಿತ್ರಗಳಲ್ಲಿ ಕಾಣುವುದು ತರಿಯಲ್ಲ, ಫಿಲ್ಮಿನ ಬೆಳ್ಳಿಕಾಳು. ಎನ್‌ಆರ್‌ನಿಂದ ತರಿ ಸಾಣಿಸುವಾಗ ಕೂದಲೆಳೆ ಉಳಿದಿದೆಯೇ ನೋಡಿ ಅಲ್ಲಿಗೆ ನಿಲ್ಲಿಸಿ.’

ಒತ್ತಕ್ಷರ ಒಡೆಯದಂತೆ ಅಕ್ಷರಗಳನ್ನು ಕರ್ವ್ (ಗೆರೆಚಿತ್ರ) ಮಾಡಿ ಪಿಡಿಎಫ್ ಕಳಿಸುತ್ತಿದ್ದೇನೆ. ‘ಸಾಣಿಸು’ ದಕ್ಷಿಣದವರಿಗೆ ತಿಳಿಯದಿದ್ದರೆ ಐದೂವರೆಯೊಳಗೆ ಹೇಳಿ, ‘ಜರಡಿ ಹಿಡಿ’ ಹಾಕುತ್ತೇನೆ.

ಕಾಂದಿವಲಿಯಿಂದ:

ಜರಡಿ ಹಾಕಿ.