ಮಗನ ಬ್ಯಾಗಲ್ಲಿ ವೇಪ್ ಸಿಕ್ಕಿದೆ, ಮುಂದೆ ಏನು ಮಾಡಲಿ? ಅನುಭವ ಇದ್ದವರು ಹೇಳಿ

ಪ್ರಶ್ನೆ:

ಮಗನಿಗೆ 16 ವರ್ಷ. ಅವನ ಬ್ಯಾಗಲ್ಲಿ ವೇಪ್, ಅಂದರೆ ಇ-ಸಿಗರೇಟು ಸಿಕ್ಕಿತು. ಕೇಳಿದರೆ ಮೊದಲು ಗೆಳೆಯನದ್ದು ಅಂದ. ಆಮೇಲೆ ಗಾಂಜಾ ಕೂಡ ಕೆಲವು ಸಲ ಸೇದಿದ್ದೀನಿ ಅಂತ ಒಪ್ಪಿಕೊಂಡ. ಫೋನ್ ಕಿತ್ತುಕೊಂಡು ಹಾಸ್ಟೆಲಿಗೆ ಹಾಕೋಣ ಅಂತಾರೆ ಯಜಮಾನರು. ನನಗೆ ರಾತ್ರಿ ನಿದ್ದೆ ಇಲ್ಲ. 11 ವರ್ಷದ ಮಗಳೂ ಇದ್ದಾಳೆ, ಅವಳಿಗೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಇಂಥದ್ದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಉತ್ತರ 1, ಇದನ್ನು ದಾಟಿದ ಹುಡುಗನ ತಾಯಿ:

ಮೊದಲು ಒಂದು ಮಾತು ತಂಗಿ. ನಿಮ್ಮ ಮಗ ಮೊದಲು ಗೆಳೆಯನದ್ದು ಅಂದರೂ ಆಮೇಲೆ ಗಾಂಜಾ ವಿಷಯವನ್ನೂ ಹೇಳಿದ್ದಾನೆ. ಇದು ಸಣ್ಣ ವಿಷಯ ಅಲ್ಲ. ನಿಮ್ಮ ಹತ್ತಿರ ಹೇಳಬಹುದು ಅನ್ನೋ ನಂಬಿಕೆ ಅವನಿಗೆ ಇನ್ನೂ ಇದೆ. ಹಾಸ್ಟೆಲಿಗೆ ಕಳಿಸಿದರೆ ಆ ನಂಬಿಕೆಯೂ ಹೋಗುತ್ತದೆ, ನಿಮ್ಮ ಕಣ್ಣೂ ತಪ್ಪುತ್ತದೆ. ವೇಪ್ ಅಲ್ಲೂ ಸಿಗುತ್ತದೆ.

ನನ್ನ ದೊಡ್ಡವನದ್ದು ಗೊತ್ತಾದಾಗ ಅವನಿಗೆ 17. ಎದುರು ಕೂರಿಸಿ ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ಒಂದು ರಾತ್ರಿ ನಾನು ಪಾತ್ರೆ ತೊಳೀತಾ ಇದ್ದೆ, ಅವನು ಒರೆಸಿ ಇಡ್ತಾ ಇದ್ದ. "ಅದನ್ನ ಸೇದಿದಾಗ ನಿಂಗೆ ಏನು ಅನಿಸುತ್ತೆ?" ಅಂತ ಕೇಳಿದೆ. ಬೈಯೋ ದನಿಯಲ್ಲಿ ಅಲ್ಲ, ನಿಜಕ್ಕೂ ತಿಳಿಯಬೇಕಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಲೆ ಸುಮ್ಮನಾಗುತ್ತಮ್ಮ, ನಿದ್ದೆ ಬರುತ್ತೆ" ಅಂದ. ತಿಂಗಳುಗಟ್ಟಲೆ ಅವನಿಗೆ ಸರಿಯಾಗಿ ನಿದ್ದೆಯೇ ಇರಲಿಲ್ಲ. ಪರೀಕ್ಷೆಯ ಭಯ, ಎದೆ ಡವಡವ. ಆ ವಾರವೇ ಮನೋವೈದ್ಯರ ಹತ್ತಿರ ಹೋದೆವು. ಅವರು ಗಾಂಜಾ ಬಗ್ಗೆ ಮಾತಾಡಿದ್ದು ಕಡಿಮೆ, ಆತಂಕದ ಬಗ್ಗೆ ಜಾಸ್ತಿ. ನೀವೂ ಆ ಪ್ರಶ್ನೆ ಕೇಳಿ ನೋಡಿ. ಉತ್ತರ ಬರೀ "ಫ್ರೆಂಡ್ಸ್ ಜೊತೆ ಮಜಾ" ಅಂತ ಬಂದರೆ ದಾರಿ ಒಂದು. ನಿದ್ದೆ, ದುಃಖ, ಭಯ ಅಂತ ಬಂದರೆ ದಾರಿ ಬೇರೆ. ಎರಡಕ್ಕೂ ಒಂದೇ ಮದ್ದು ನಡೆಯೋದಿಲ್ಲ.

ಮನೆಯಲ್ಲಿ ನಿಯಮ ಬೇಡ ಅಂತ ಹೇಳುತ್ತಿಲ್ಲ. ನಮ್ಮಲ್ಲೂ ಇತ್ತು. ಮನೆಯೊಳಗೆ ಅದು ಬರಬಾರದು. ಕೈಗೆ ನಗದು ಕೊಡೋದಿಲ್ಲ, ಫೀಸು, ಬಟ್ಟೆ ಎಲ್ಲ ನಾವೇ ನೇರವಾಗಿ ಕಟ್ಟುತ್ತೇವೆ. ನಶೆಯಲ್ಲಿ ಬಂದ ರಾತ್ರಿ ವಾದ ಇಲ್ಲ, ಮಾತು ಮರುದಿನ ಬೆಳಿಗ್ಗೆ. ಇದರಲ್ಲಿ ಮುಖ್ಯ ಏನೆಂದರೆ ನಾವಿಬ್ಬರೂ ಮೊದಲೇ ಕೂತು ಒಪ್ಪಿಕೊಂಡಿದ್ದೆವು. ಅಪ್ಪ ಒಂದು, ಅಮ್ಮ ಒಂದು ಹೇಳಿದರೆ ಮಕ್ಕಳು ನಡುವೆ ನುಸುಳಿಕೊಳ್ಳುತ್ತಾರೆ. ಯಜಮಾನರ ಸಿಟ್ಟು ಭಯದಿಂದ ಬಂದದ್ದು. ಮಗನ ಹತ್ತಿರ ಹೋಗುವ ಮೊದಲು ಅವರ ಹತ್ತಿರ ಕೂತು ಮಾತಾಡಿ.

ಮತ್ತೆ ನಿಮ್ಮ ನಿದ್ದೆ. ನೀವು ಕುಸಿದರೆ ಈ ಮನೆ ಎತ್ತಿ ನಿಲ್ಲಿಸೋರು ಯಾರು? ನನ್ನ ತಂಗಿಗೆ ಎಲ್ಲ ಹೇಳಿಕೊಳ್ಳುತ್ತಿದ್ದೆ, ಸಂಜೆ ನಡೆಯೋಕೆ ಹೋಗುತ್ತಿದ್ದೆ. ಮರ್ಯಾದೆ ಹೋಗುತ್ತೆ ಅಂತ ಎಲ್ಲವನ್ನೂ ನುಂಗಿಕೊಂಡು ಕೂರಬೇಡಿ. ನಂಬಿಕಸ್ತರು ಒಬ್ಬರಾದರೂ ಇರಲಿ.

ಉತ್ತರ 2, ವ್ಯಸನಮುಕ್ತಿ ಕೇಂದ್ರದಲ್ಲಿ ಕೌನ್ಸೆಲರ್:

ಮೇಲಿನ ಅಮ್ಮ ಹೇಳಿದ್ದನ್ನೇ ನಾವು ಮನೆಯವರಿಗೆ ಕಲಿಸುತ್ತೇವೆ. ಇದಕ್ಕೆ ಕ್ರಾಫ್ಟ್ ಅಂತ ಒಂದು ಪದ್ಧತಿ ಇದೆ, ರಾಬರ್ಟ್ ಮೇಯರ್ಸ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು ರೂಪಿಸಿದ್ದು. ತಿರುಳು ಸುಲಭ. ಮಗ ಸೇದದೆ ಇರುವ ಹೊತ್ತಿನಲ್ಲಿ ಅವನ ಜೊತೆ ಇರಿ, ನಗಿ, ಮೆಚ್ಚಿಕೊಳ್ಳಿ. ನಶೆಯಲ್ಲಿದ್ದಾಗ ದೂರ ಇರಿ. ನಶೆಯಿಂದ ಆದ ಕೆಲಸಕ್ಕೆ ನೀವು ಹೋಗಿ ತೇಪೆ ಹಾಕಬೇಡಿ. ಬೆಳಿಗ್ಗೆ ಏಳದೆ ಕ್ಲಾಸು ತಪ್ಪಿದರೆ "ಹುಷಾರಿಲ್ಲ" ಅಂತ ಪತ್ರ ಬರೆದು ಕೊಡಬೇಡಿ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಚಿಕಿತ್ಸೆ ಬೇಡ ಅಂತ ಹಟ ಹಿಡಿದ ಕುಡುಕರ ಮನೆಯವರಿಗೆ ಇದನ್ನು ಕಲಿಸಿದಾಗ 64% ಜನ ಚಿಕಿತ್ಸೆಗೆ ಬಂದರು. ಮನೆಮಂದಿ ಎಲ್ಲ ಸೇರಿ ಮುಖಾಮುಖಿ ಕೂರಿಸಿ ಒತ್ತಾಯ ಹಾಕುವ ವಿಧಾನದಲ್ಲಿ ಬಂದವರು 30%. ಅದು ದೊಡ್ಡವರ ಮೇಲೆ ನಡೆದದ್ದು, ಆದರೆ ಹುಡುಗರ ಮನೆಗಳಲ್ಲೂ ನಾನು ಇದೇ ದಾರಿ ಹಿಡಿಯುತ್ತೇನೆ.

ವೇಪ್ ಬಿಟ್ಟ ಮೊದಲ ಮೂರ್ನಾಲ್ಕು ದಿನ ಸಿಡುಕು ಜಾಸ್ತಿ. ಗಾಂಜಾ ದಿನಾ ಸೇದುತ್ತಿದ್ದವರಿಗೆ ನಿದ್ದೆಗೇಡು, ಹಸಿವಿಲ್ಲದಿರೋದು, ವಿಚಿತ್ರ ಕನಸು ಒಂದೆರಡು ವಾರ ಇರಬಹುದು. ಆ ದಿನಗಳಲ್ಲಿ ಬಾಗಿಲು ದಡಾರನೆ ಬಡಿದರೆ ಅದನ್ನು ಕೊಬ್ಬು ಅಂದುಕೊಳ್ಳಬೇಡಿ. ಆದರೆ ದಿನಾ ಕುಡಿಯುವ ಅಥವಾ ನಿದ್ದೆ ಮಾತ್ರೆ ನುಂಗುವ ಅಭ್ಯಾಸ ಇದ್ದರೆ ಮನೆಯಲ್ಲೇ ಒಮ್ಮೆಗೇ ನಿಲ್ಲಿಸೋದು ಅಪಾಯ. ಫಿಟ್ಸ್ ಬರಬಹುದು, ಜೀವಕ್ಕೂ ಕುತ್ತು. ಅದಕ್ಕೆ ಡಾಕ್ಟರೇ ಬೇಕು. ಹಾಗೇ, ಹೆರಾಯಿನ್ ಥರದ್ದನ್ನು ಕೆಲವು ವಾರ ಬಿಟ್ಟು ಮತ್ತೆ ಮೊದಲಿನಷ್ಟೇ ತೆಗೆದುಕೊಂಡರೆ ಉಸಿರು ನಿಂತುಹೋಗಬಹುದು. ಅಷ್ಟರಲ್ಲಿ ದೇಹದ ತಾಳಿಕೆ ಇಳಿದಿರುತ್ತದೆ. ಯಾರೇ ಆಗಲಿ, ಎಬ್ಬಿಸಿದರೂ ಏಳದಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ತಕ್ಷಣ ಆಂಬುಲೆನ್ಸ್ ಕರೆಯಿರಿ. "ಮಲಗಿದ್ದಾನೆ, ಬಿಡು" ಅನ್ನಬೇಡಿ.

ಮನೆಯಲ್ಲೇ ಯೂರಿನ್ ಟೆಸ್ಟ್ ಮಾಡೋ ಕಿಟ್ ತರಬೇಡಿ ಅಂತ ನನ್ನ ಸಲಹೆ. ಜಾಸ್ತಿ ಸೇದುತ್ತಿದ್ದವರಿಗೆ ಗಾಂಜಾ ಬಿಟ್ಟು ವಾರಗಳಾದ ಮೇಲೂ ಪಾಸಿಟಿವ್ ಬರುತ್ತದೆ. ಎಷ್ಟೋ ಹೊಸ ವಸ್ತುಗಳು ಅದರಲ್ಲಿ ಗೊತ್ತೇ ಆಗೋದಿಲ್ಲ. ಹುಡುಗ ನಿಜ ಹೇಳಿದರೂ ಕಿಟ್ ಸುಳ್ಳು ಮಾಡುತ್ತದೆ, ಜಗಳ ಶುರು.

ಉತ್ತರ 3, ಈಗ 24 ವರ್ಷದ ಹುಡುಗ:

ಆಂಟಿ, ನಾನು ಆ ಕಡೆಯಿಂದ ಬಂದವನು. ಡ್ರಗ್ಸ್ ತಗೊಂಡ್ರೆ ಸತ್ತೇ ಹೋಗ್ತೀಯ ಅಂತ ಹೇಳಿದ್ದು ನನಗೆ ನಾಟಲೇ ಇಲ್ಲ. ಕಣ್ಣೆದುರು ಗೆಳೆಯರು ಸೇದಿ ಆರಾಮಾಗಿ ಓಡಾಡ್ತಾ ಇದ್ದರು. ಉತ್ಪ್ರೇಕ್ಷೆ ಮಾಡಿದರೆ ನಿಮ್ಮ ನಿಜವಾದ ಮಾತನ್ನೂ ನಂಬೋದಿಲ್ಲ. ಮೆದುಳು 25ರ ಆಸುಪಾಸಿನವರೆಗೆ ಬೆಳೀತಾ ಇರುತ್ತೆ, ಅದಕ್ಕೇ ಈ ವಯಸ್ಸಲ್ಲಿ ಚಟ ಬೇಗ ಹಿಡಿಯುತ್ತೆ ಅಂತ ನಮ್ಮ ಕೋಚ್ ನೆಟ್ಟಗೆ ಹೇಳಿದ್ದು ನೆನಪಲ್ಲಿ ಉಳಿಯಿತು.

ಬಿಟ್ಟಾಗ ಕಷ್ಟ ಆಗಿದ್ದು ಸಂಜೆ 5ರಿಂದ 8. ಎಲ್ಲ ಗೆಳೆಯರೂ ಅದೇ ಗುಂಪು, ಅವರನ್ನು ಬಿಟ್ಟರೆ ಯಾರೂ ಇಲ್ಲ. ಅಣ್ಣ ದಿನಾ ಆ ಹೊತ್ತಿಗೆ ಬ್ಯಾಡ್ಮಿಂಟನ್‌ಗೆ ಕರ್ಕೊಂಡು ಹೋಗ್ತಿದ್ದ. ಒಂದು ದಿನವೂ ಬುದ್ಧಿ ಹೇಳಲಿಲ್ಲ. ನಡುವೆ ಎರಡು ಸಲ ಜಾರಿದೆ. ಆಗಲೂ ಮರುದಿನ ಸಂಜೆ ರ‍್ಯಾಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದ. ಆ ಗುಂಪು ಬಿಡು ಅಂತ ಹೇಳುವ ಮೊದಲು ಅವನಿಗೆ ಬೇರೆ ಎಲ್ಲಿ ಹೋಗೋಕಿದೆ ನೋಡಿ ಆಂಟಿ.

ಉತ್ತರ 4, ಇಬ್ಬರು ಹೆಣ್ಣುಮಕ್ಕಳ ತಂದೆ:

ನಿಮ್ಮ ಮಗಳ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. 11 ಅಂದರೆ ಸರಿಯಾದ ವಯಸ್ಸು. ಮನೆಯಲ್ಲಿ ಏನೋ ನಡೆದಿದೆ ಅಂತ ಅವಳಿಗೆ ಆಗಲೇ ಗೊತ್ತಿರುತ್ತದೆ. "ಅಣ್ಣನಿಗೆ ಒಂದು ತೊಂದರೆ ಆಗಿದೆ, ಎಲ್ಲರೂ ಸೇರಿ ಸರಿ ಮಾಡ್ತಾ ಇದ್ದೀವಿ, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ" ಅಂತ ಹೇಳಿ. ಅಣ್ಣನ ಮೇಲೆ ಕಣ್ಣಿಡೋ ಕೆಲಸ ಮಾತ್ರ ಅವಳಿಗೆ ಕೊಡಬೇಡಿ. ದಿನಕ್ಕೆ ಸ್ವಲ್ಪ ಹೊತ್ತು ಅವಳದ್ದೇ ಅಂತ ಇರಲಿ. ಇಂಥ ಮನೆಗಳಲ್ಲಿ ತೊಂದರೆ ಕೊಡದ ಮಗುವನ್ನು ಎಲ್ಲರೂ ಮರೆತುಬಿಡುತ್ತಾರೆ.

ಐಸ್‌ಲ್ಯಾಂಡ್ ದೇಶದಲ್ಲಿ 1998ರಲ್ಲಿ 15-16 ವಯಸ್ಸಿನವರಲ್ಲಿ 42% ಮಕ್ಕಳು ಹಿಂದಿನ ತಿಂಗಳಲ್ಲಿ ಕುಡಿದು ಅಮಲೇರಿದ್ದೆವು ಅಂದಿದ್ದರು. 2016ಕ್ಕೆ ಅದು 5%ಗೆ ಇಳಿಯಿತು. ಅಲ್ಲಿ ಮಾಡಿದ್ದರಲ್ಲಿ ನನಗೆ ಹಿಡಿಸಿದ್ದು ಎರಡು. ಆಟ, ಸಂಗೀತದಂಥ ತರಗತಿಗಳಿಗೆ ಸರ್ಕಾರ ದುಡ್ಡು ಕೊಟ್ಟಿತು. ಅಪ್ಪ ಅಮ್ಮಂದಿರು ಪರಸ್ಪರ ಮಾತಾಡಿಕೊಂಡು ಎಲ್ಲ ಮನೆಗೂ ಒಂದೇ ನಿಯಮ ಇಟ್ಟರು. ಮಗಳ ಗೆಳತಿಯರ ಅಪ್ಪ ಅಮ್ಮಂದಿರ ನಂಬರ್ ಇವತ್ತೇ ತೆಗೆದುಕೊಳ್ಳಿ. "ಎಲ್ಲರ ಮನೇಲೂ ಬಿಡ್ತಾರೆ" ಅನ್ನೋ ಮಾತು ಅಲ್ಲಿಗೇ ನಿಲ್ಲುತ್ತದೆ.

ನಮ್ಮ ಮನೆಯಲ್ಲಿ ಒಂದು ಗುಟ್ಟಿನ ಮೆಸೇಜ್ ಇದೆ. ಎಲ್ಲಾದರೂ ಮುಜುಗರ ಅನಿಸಿದರೆ ಮಕ್ಕಳು "ನಾಯಿಗೆ ಊಟ ಹಾಕಿದ್ರಾ?" ಅಂತ ಕಳಿಸುತ್ತಾರೆ. ನಮ್ಮಲ್ಲಿ ನಾಯಿಯೇ ಇಲ್ಲ. ಮೆಸೇಜ್ ಬಂದರೆ ನಾನು ಫೋನ್ ಮಾಡಿ ಜೋರಾಗಿ, "ಈಗಲೇ ಮನೆಗೆ ಬಾ, ಕರ್ಕೊಂಡು ಹೋಗೋಕೆ ಬರ್ತಿದ್ದೀನಿ" ಅಂತ ಗದರುತ್ತೇನೆ. ಗೆಳೆಯರೆದುರು ತಪ್ಪು ನನ್ನ ಮೇಲೆ ಬೀಳುತ್ತದೆ, ಬೀಳಲಿ. ಆ ರಾತ್ರಿ ಒಂದೂ ಪ್ರಶ್ನೆ ಕೇಳೋದಿಲ್ಲ ಅಂತ ಮಾತು ಕೊಟ್ಟಿದ್ದೇನೆ, ಅದನ್ನು ಮುರಿದಿಲ್ಲ. ನಿಮ್ಮ ಮಗನಿಗೂ ಮಗಳಿಗೂ ಇಂಥದ್ದೊಂದು ಇರಲಿ. ಏನು ಕಳಿಸಬೇಕು ಅಂತ ಅವರೇ ಆರಿಸಿಕೊಳ್ಳಲಿ.