ಎವೆಡು ಸಾರು: ಅಗಿಯೋದಾ, ನುಂಗೋದಾ?

ಧಾರವಾಡದ ಹುಡುಗಿ, ಪುಣೆ:
ಮೇಲಿನ ಮನೆಗೆ ನೈಜೀರಿಯಾದ ಯೊರುಬಾ ಹುಡುಗಿ ಓದಲು ಬಂದಿದ್ದಾಳೆ. ಭಾನುವಾರ ಊಟಕ್ಕೆ ಕರೆದಳು. ಕಂದು ಮುದ್ದೆ, ಹೆಸರು ಅಮಲಾ. ಜೊತೆಗೆ ಎವೆಡು ಅನ್ನೋ ಹಸಿರು ಸಾರು. ಕೈ ಎತ್ತಿದರೆ ದಾರದ ಹಾಗೆ ಎಳೆ ಬರುತ್ತದೆ! ಬೆಂಡೆಕಾಯಿ ಲೋಳೆಗೇ ಮುಖ ಸಿಂಡರಿಸುವವಳು ನಾನು. ಅಗಿಯುತ್ತಾ ಕೂತೆ, ಅವಳು ನಕ್ಕಳು. ಈಗ ನಾನೇ ಮಾಡಿ ಬಡಿಸಬೇಕು. ಅದು ಯಾವ ಸೊಪ್ಪು?

ಲಾಗೋಸ್‌ನಲ್ಲಿ ಆರು ವರ್ಷ ಇದ್ದವನು, ಈಗ ಠಾಣೆ:
ತಂಗಿ, ಮಂಡ್ಯದಲ್ಲಿ ಯಾರಾದರೂ ಮುದ್ದೆ ಅಗಿಯುತ್ತಾರಾ? ಬಲಗೈಲಿ ಸಣ್ಣ ತುಂಡು ಮುರಿದು, ಹೆಬ್ಬೆರಳಿಂದ ಗುಳಿ ಮಾಡಿ, ಸಾರಲ್ಲಿ ಅದ್ದಿ ನುಂಗಬೇಕು. ಲೋಳೆಗೇ ಅದು ಸಲೀಸಾಗಿ ಜಾರುತ್ತದೆ. ಸೊಪ್ಪು ಗೋಣಿಚೀಲದ ಸೆಣಬಿನ ಎಳೆ ಎಲೆ. ಬಂಗಾಳಿಗಳು ಪಾಟ್ ಶಾಕ್ ಅಂತಾರೆ, ಅವರ ತರಕಾರಿ ಅಂಗಡಿಯಲ್ಲಿ ಕೇಳಿ. ಯೊರುಬಾದವರು ಕುದಿಯುವ ಸೊಪ್ಪನ್ನು ಇಜಾಬೆ ಎಂಬ ಪುಟ್ಟ ಕಡ್ಡಿಪೊರಕೆಯಿಂದ ಬಡಿಯುತ್ತಾರೆ. ನಿಮಗೆ ಕಡಗೋಲು ಸಾಕು. ‘ಇರು’ ಎಂಬ ಹೆಸರಿನ ಹುಳಿಬರಿಸಿದ ಬೀಜವನ್ನೂ ಹಾಕುತ್ತಾರೆ. ವಾಸನೆ ಜೋರು, ಅಕ್ಕಪಕ್ಕದವರು ಬಾಗಿಲು ತಟ್ಟಿದರೆ ನನ್ನನ್ನು ಬೈಯಬೇಡಿ.

ಕಾರವಾರದ ಅಕ್ಕ, ಮಡಗಾಂವ್:
ಎವೆಡು ಒಂದೇ ಮಾಡಬೇಡಿ. ಸಿಪ್ಪೆ ತೆಗೆದ ಅಲಸಂದೆ ಬೇಯಿಸಿ ಅರೆದು ಗ್ಬೆಗಿರಿ ಮಾಡಿ, ಮೆಣಸಿನ ಕೆಂಪು ಸಾರೂ ಇರಲಿ. ಮೂರನ್ನೂ ಒಂದೇ ತಟ್ಟೆಗೆ ಸುರಿದರೆ ಅಬುಲಾ.

ಧಾರವಾಡದ ಹುಡುಗಿ:
ಅಮಲಾದ ಒಣ ಯಾಮ್ ಗೆಡ್ಡೆಯ ಹಿಟ್ಟು ಇಲ್ಲಿ ಸಿಗಲಿಲ್ಲ. ರಾಗಿ ಮುದ್ದೆನೇ ಮಾಡುತ್ತೇನೆ. ಈ ಸಲ ನಗೋದು ನನ್ನ ಸರದಿ, ಅಲ್ವಾ?